ಕತ್ತಲೆಗೂ ಒಂದು ಪಿರಿಯಡ್ ಬೇಕು

ನಮ್ಮ ಕಾಲೇಜಿನ ವೇಳಾಪಟ್ಟಿಯಲ್ಲಿ ಎಲ್ಲದಕ್ಕೂ ಜಾಗವಿದೆ. ಭೌತಶಾಸ್ತ್ರಕ್ಕೆ ಪಿರಿಯಡ್ ಇದೆ, ಲ್ಯಾಬಿಗೆ ಇದೆ, ಆಟಕ್ಕೆ ಇದೆ, ನೀಟ್ ಮತ್ತು ಸಿಇಟಿ ತಯಾರಿಗೂ ಇದೆ. ಆದರೆ ಹಗಲೆಲ್ಲ ನಾವು ಓದುವ ಗುರುತ್ವ, ಬೆಳಕು, ಮಸೂರ, ಕೋನವೇಗ ಇವೆಲ್ಲ ಕಣ್ಣೆದುರು ಒಟ್ಟಿಗೆ ಬರುವ ಹೊತ್ತಿಗೆ ಕಾಲೇಜಿನ ಗೇಟಿಗೆ ಬೀಗ ಬಿದ್ದಿರುತ್ತದೆ. ನನ್ನ ಬೇಡಿಕೆ ಚಿಕ್ಕದು. ತಿಂಗಳಿಗೆ ಒಂದು ಸಂಜೆ ಮೈದಾನದ ದೊಡ್ಡ ದೀಪಗಳನ್ನು ಆರಿಸಿ, ನಮ್ಮನ್ನು ಕಾಲೇಜಿನ ತಾರಸಿಗೆ ಬಿಡಿ. ಅಲ್ಲಿ ನಾವು ಆಕಾಶದ ಫೋಟೊ ತೆಗೆಯುವುದನ್ನು ಕಲಿಯುತ್ತೇವೆ.

'ಅದಕ್ಕೆಲ್ಲ ಲಕ್ಷಾಂತರ ರೂಪಾಯಿಯ ಟೆಲಿಸ್ಕೋಪ್ ಬೇಕು' ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಬೇಕಾಗಿಲ್ಲ. ಮನೆಯಲ್ಲಿ ಇರುವ ಮೊಬೈಲ್ ಸಾಕು, ಅದನ್ನು ಅಲುಗಾಡದಂತೆ ನಿಲ್ಲಿಸಲು ಏನಾದರೂ ಸಾಕು. ನಮಗೆ ನಿಜವಾಗಿ ಕೊರತೆಯಿರುವುದು ಕತ್ತಲೆಗೆ ಮತ್ತು ದೊಡ್ಡವರ ಅನುಮತಿಗೆ. ಅವೆರಡನ್ನೂ ಕಾಲೇಜು ಪುಕ್ಕಟೆಯಾಗಿ ಕೊಡಬಹುದು.

2025ರ ಸೆಪ್ಟೆಂಬರ್ 7ರ ರಾತ್ರಿಯ ಪೂರ್ಣ ಚಂದ್ರಗ್ರಹಣ ನೆನಪಿರಬೇಕು. ರಾತ್ರಿ 11 ಗಂಟೆಯಿಂದ 82 ನಿಮಿಷ ಚಂದ್ರ ಪೂರ್ತಿ ಭೂಮಿಯ ನೆರಳಿನೊಳಗಿದ್ದ. ಮೋಡ ಸರಿದಾಗಲೆಲ್ಲ ಎಲ್ಲರೂ ಮೊಬೈಲ್ ಎತ್ತಿದರು. ಮರುದಿನ ಎಲ್ಲರ ಸ್ಟೇಟಸ್‌ನಲ್ಲೂ ಎರಡೇ ಬಗೆಯ ಚಿತ್ರ. ಗ್ರಹಣಕ್ಕೆ ಮುಂಚಿನ ಚಂದ್ರ ಬಿಳೀ ಬಲ್ಬಿನಂತೆ, ಗ್ರಹಣ ಹಿಡಿದ ಚಂದ್ರ ಕಲಸಿಹೋದ ಕೆಂಪು ಚುಕ್ಕೆಯಂತೆ. ಈ ಎರಡು ಚಿತ್ರಗಳಲ್ಲೇ ಮೊದಲ ಪಾಠ ಮುಗಿಯುತ್ತದೆ.

ಹುಣ್ಣಿಮೆಯ ಚಂದ್ರ ಎಂದರೆ ನಡು ಹಗಲಿನ ಬಿಸಿಲಿಗೆ ಒಡ್ಡಿಕೊಂಡಿರುವ ಬಂಡೆ. ಸುತ್ತಲೂ ಕಪ್ಪು ಇರುವುದರಿಂದ ಮೊಬೈಲ್ ಮೋಸ ಹೋಗಿ, ರಾತ್ರಿ ಎಂದುಕೊಂಡು ಬೆಳಕನ್ನು ಹೆಚ್ಚು ಹೊತ್ತು ಒಳಗೆ ಬಿಡುತ್ತದೆ. ಆದ್ದರಿಂದ ಕ್ಯಾಮೆರಾದ ಪ್ರೊ ಮೋಡ್‌ಗೆ ಹೋಗಿ, ಐಎಸ್‌ಒ 100ಕ್ಕೆ ಇಳಿಸಿ, ಶಟರ್ ವೇಗವನ್ನು 1/1000 ಸೆಕೆಂಡು ಅಥವಾ ಅದಕ್ಕಿಂತ ಚುರುಕಾಗಿ ಇಟ್ಟರೆ ಚಂದ್ರನ ಮೇಲಿನ ಕಪ್ಪು ಬಯಲುಗಳು ಕಾಣತೊಡಗುತ್ತವೆ. ಪ್ರೊ ಮೋಡ್ ಇಲ್ಲದಿದ್ದರೆ ಚಂದ್ರನ ಮೇಲೆ ಬೆರಳೊತ್ತಿ ಬೆಳಕಿನ ಗುರುತನ್ನು ಕೆಳಗೆ ಎಳೆದರೂ ಆದೀತು. ಗ್ರಹಣದ ಚಂದ್ರನದು ಇದಕ್ಕೆ ತದ್ವಿರುದ್ಧ. ಅದು ಮಬ್ಬು, ಅದಕ್ಕೆ ಹೆಚ್ಚು ಹೊತ್ತಿನ ಶಟರ್ ಬೇಕು. ಅಷ್ಟು ಹೊತ್ತು ಕೈ ಸ್ಥಿರವಾಗಿ ನಿಲ್ಲುವುದಿಲ್ಲ, ಅದಕ್ಕೇ ಕಲಸಿಹೋಗುತ್ತದೆ. ಬೆಳಕು ಹೆಚ್ಚಿದ್ದರೆ ಕಡಿಮೆ ಹೊತ್ತು, ಬೆಳಕು ಕಡಿಮೆಯಿದ್ದರೆ ಹೆಚ್ಚು ಹೊತ್ತು ಮತ್ತು ಆಧಾರ. ಉಳಿದದ್ದೆಲ್ಲ ಇದರ ಮೇಲೆ ಕಟ್ಟಿದ್ದು.

ನಕ್ಷತ್ರಗಳಿಗೂ ಇದೇ ನಿಯಮ. ಮೊಬೈಲನ್ನು ಚಿಕ್ಕ ಟ್ರೈಪಾಡ್ ಮೇಲೆ ನಿಲ್ಲಿಸಿ. ಅದಿಲ್ಲದಿದ್ದರೆ ಒಂದು ಚೊಂಬಿನ ತುಂಬ ರಾಗಿ ಹಾಕಿ, ಅದರಲ್ಲಿ ಮೊಬೈಲನ್ನು ಓರೆಯಾಗಿ ಊರಿ. ಫ್ಲಾಶ್ ತೆಗೆಯಿರಿ. ಫೋಕಸ್ಸನ್ನು ಬೆಟ್ಟದ ಗುರುತಿನ ಕಡೆಗೆ, ಅಂದರೆ ಅನಂತಕ್ಕೆ ಇಡಿ. ಐಎಸ್‌ಒ 800ರಿಂದ 3200ರ ನಡುವೆ, ಶಟರ್ 10ರಿಂದ 15 ಸೆಕೆಂಡು. ಗುಂಡಿ ಒತ್ತುವಾಗಿನ ಅದುರು ಬರದಂತೆ 3 ಸೆಕೆಂಡಿನ ಟೈಮರ್ ಹಾಕಿ. ನಿಮ್ಮ ಮೊಬೈಲ್‌ನಲ್ಲಿ ಈ ಸೌಲಭ್ಯಗಳು ಕಾಣದಿದ್ದರೆ ಓಪನ್ ಕ್ಯಾಮೆರಾ ಎಂಬ ಪುಕ್ಕಟೆ ಆ್ಯಪ್ ಹಾಕಿ ನೋಡಿ, ಹಲವು ಮೊಬೈಲ್‌ಗಳಲ್ಲಿ ಅದು ಕೆಲಸ ಮಾಡುತ್ತದೆ.

ಅರ್ಧ ನಿಮಿಷ, ಒಂದು ನಿಮಿಷ ಯಾಕೆ ಇಡಬಾರದು ಎಂದರೆ, ಭೂಮಿ ಸುಮ್ಮನೆ ನಿಂತಿಲ್ಲ. ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಮೊಬೈಲಿನ ಅಗಲ ಮಸೂರದಲ್ಲಿ ಸುಮಾರು 20 ಸೆಕೆಂಡು ದಾಟಿದರೆ ನಕ್ಷತ್ರ ಚುಕ್ಕೆಯಾಗಿ ಉಳಿಯದೆ ಗೆರೆಯಾಗಲು ಶುರುವಾಗುತ್ತದೆ. ಬೇಕೆಂದೇ ಗೆರೆ ಮಾಡುವುದೂ ಒಂದು ಚಂದ. ಉತ್ತರಕ್ಕೆ ಮೊಬೈಲ್ ತಿರುಗಿಸಿ, ಒಂದು ಗಂಟೆ ಒಂದರ ಹಿಂದೆ ಒಂದು ಫೋಟೊ ತೆಗೆದು ಒಟ್ಟು ಸೇರಿಸಿದರೆ, ಎಲ್ಲ ನಕ್ಷತ್ರಗಳೂ ಒಂದೇ ಬಿಂದುವಿನ ಸುತ್ತ ಬಾಗಿರುವುದು ಕಾಣುತ್ತದೆ. ಆ ಬಿಂದುವಿನ ಹತ್ತಿರವೇ ಧ್ರುವ ನಕ್ಷತ್ರ. ಅದು ದಿಗಂತದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ನಮ್ಮ ಊರಿನ ಅಕ್ಷಾಂಶ. ಚಿಕ್ಕಬಳ್ಳಾಪುರಕ್ಕೆ ಅದು 13 ಡಿಗ್ರಿ ಚಿಲ್ಲರೆ, ಚಾಚಿದ ಕೈಯ ಒಂದು ಮುಷ್ಟಿಗಿಂತ ತುಸು ಹೆಚ್ಚು. ಪುಸ್ತಕದಲ್ಲಿ ಓದಿದ ಅಕ್ಷಾಂಶವನ್ನು ತಾರಸಿಯ ಮೇಲೆ ಮುಷ್ಟಿಯಿಂದ ಅಳೆದವರು ಮತ್ತೆ ಮರೆಯುವುದಿಲ್ಲ.

ಒಂದೇ ಫೋಟೊದಲ್ಲಿ ಕಾಳು ಕಾಳಾಗಿ ಕಾಣುವ ದೋಷವನ್ನು ತೆಗೆಯುವ ಉಪಾಯ ನಮ್ಮ ಶಿಡ್ಲಘಟ್ಟದವರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಒಂದು ಗೂಡಿನ ಎಳೆ ಕಣ್ಣಿಗೂ ಸರಿಯಾಗಿ ಕಾಣದಷ್ಟು ತೆಳು, ಮುಟ್ಟಿದರೆ ತುಂಡಾಗುತ್ತದೆ. ಏಳೆಂಟು ಗೂಡುಗಳ ಎಳೆ ಸೇರಿದಾಗಲೇ ಅದು ಸೀರೆ ನೇಯುವ ನೂಲಾಗುತ್ತದೆ. ಆಕಾಶದ ಫೋಟೊವೂ ಹಾಗೆಯೇ. ಒಂದೇ ಜಾಗದ 16 ಫೋಟೊ ತೆಗೆದು ಸೇರಿಸಿದರೆ ನಕ್ಷತ್ರ ಎಲ್ಲದರಲ್ಲೂ ಇರುತ್ತದೆ, ಕಾಳು ಮಾತ್ರ ಒಂದೊಂದರಲ್ಲಿ ಒಂದೊಂದು ಕಡೆ ಬಿದ್ದಿರುತ್ತದೆ. ಸರಾಸರಿ ತೆಗೆದಾಗ ನಕ್ಷತ್ರ ಉಳಿದು ಕಾಳು ನಾಲ್ಕನೇ ಒಂದಕ್ಕೆ ಇಳಿಯುತ್ತದೆ, 16ರ ವರ್ಗಮೂಲ 4 ತಾನೇ. ಸೀಕ್ವೇಟರ್, ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಎಂಬ ಪುಕ್ಕಟೆ ಸಾಫ್ಟ್‌ವೇರ್‌ಗಳು ಇದನ್ನೇ ಮಾಡುತ್ತವೆ. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಹಾಕಿಕೊಟ್ಟರೆ ಸಾಕು.

ಇನ್ನು ಯಾವ ರಾತ್ರಿ, ಎಷ್ಟು ಹೊತ್ತಿಗೆ ಎಂಬ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಮನೆಗಳ ಗೋಡೆಯ ಮೇಲೇ ಇದೆ. ಸೂರ್ಯ ಮುಳುಗಿದ ಕೂಡಲೇ ಆಕಾಶ ಕಪ್ಪಾಗುವುದಿಲ್ಲ. ಸೂರ್ಯ ದಿಗಂತದ ಕೆಳಗೆ 18 ಡಿಗ್ರಿ ಇಳಿದ ಮೇಲೆಯೇ ಪೂರ್ತಿ ಕತ್ತಲು ಎಂದು ಖಗೋಳ ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ನಮಾಜ್ ವೇಳಾಪಟ್ಟಿಗಳಲ್ಲಿ ಇಶಾ ಶುರುವಾಗುವುದೂ ಇದೇ 18 ಡಿಗ್ರಿಯ ಲೆಕ್ಕಕ್ಕೆ. ಮಗ್ರಿಬ್‌ನಿಂದ ಇಶಾವರೆಗಿನ ಆ ಒಂದೂಕಾಲು ಗಂಟೆ ಸಂಧ್ಯೆಯ ಬೆಳಕು ಪೂರ್ತಿ ಆರುವ ಸಮಯ. ರಮ್ಜಾನ್‌ನಲ್ಲಿ ಸಹರಿ ಮುಗಿಯುವ ನಿಮಿಷವೇ ಬೆಳಗಿನ ಮೊದಲ ಬೆಳಕು ಆಕಾಶಕ್ಕೆ ಬರುವ ನಿಮಿಷ. ಆಕಾಶದ ಫೋಟೊ ತೆಗೆಯುವವರು ಕಾಯುವ ಎರಡು ಗಡಿಗಳನ್ನೂ ನಾವು ದಿನಾ ನೋಡುತ್ತಿದ್ದೇವೆ. ಇನ್ನು ಚಂದ್ರನಿಲ್ಲದ ರಾತ್ರಿ ಬೇಕಾದರೆ, ಬೆಂಚಿನಲ್ಲಿ ಪಕ್ಕದಲ್ಲಿ ಕೂರುವ ಗೆಳತಿಯ ಮನೆಯ ಪಂಚಾಂಗದಲ್ಲಿ ಅಮಾವಾಸ್ಯೆ ನೋಡಿದರಾಯಿತು. ಎರಡನ್ನೂ ಪಕ್ಕಪಕ್ಕ ತೂಗುಹಾಕಿದರೆ ಅದೇ ನಮ್ಮ ಕ್ಯಾಲೆಂಡರ್.

ಹೊಸ ಚಂದ್ರನನ್ನು ಹುಡುಕುವ ಅಭ್ಯಾಸವೂ ನಮಗೆ ಹೊಸದಲ್ಲ. ಇಪ್ಪತ್ತೊಂಬತ್ತರ ಸಂಜೆ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ತಾರಸಿ ಹತ್ತಿ ಪಶ್ಚಿಮಕ್ಕೆ ಕಣ್ಣು ನೆಟ್ಟಿರುತ್ತಾರೆ. ಆ ಹುಡುಕಾಟ ವರ್ಷಕ್ಕೆ ಒಂದೆರಡು ಸಂಜೆಗೆ ಯಾಕೆ ಮುಗಿಯಬೇಕು? ಹೊಸ ಚಂದ್ರ ಕಂಡ ಮರುದಿನ ಅದೇ ಜಾಗದಲ್ಲಿ ಮೊಬೈಲ್ ಊರಿ, ಒಂದು ಸೆಕೆಂಡಿನ ಶಟರ್ ಇಟ್ಟು ತೆಗೆದು ನೋಡಿ. ತೆಳು ಗೆರೆಯ ಪಕ್ಕದಲ್ಲಿ ಚಂದ್ರನ ಉಳಿದ ದುಂಡೂ ಮಸುಕಾಗಿ ಕಾಣುತ್ತದೆ. ಭೂಮಿಗೆ ಬಿದ್ದ ಬಿಸಿಲು ಚಂದ್ರನಿಗೆ ಹೋಗಿ, ಅಲ್ಲಿಂದ ತಿರುಗಿ ನಮ್ಮ ಮೊಬೈಲಿಗೆ ಬಂದಿರುವ ಬೆಳಕು ಅದು.

ನಕ್ಷತ್ರಗಳ ಹೆಸರುಗಳೂ ನಮಗೆ ದೂರದವಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸಂಜೆಯ ಆಕಾಶದಲ್ಲಿ ಮೂರು ನಕ್ಷತ್ರ ಸಾಲಾಗಿ ನಿಂತ ಓರಿಯನ್ ಸಿಗುತ್ತದೆ. ಅದರ ಕಾಲ ಬಳಿಯ ನಕ್ಷತ್ರ ರೈಜೆಲ್. ಅರಬ್ಬಿಯಲ್ಲಿ ರಿಜ್ಲ್ ಎಂದರೆ ಕಾಲು. ಪಕ್ಕದ ಕೆಂಪು ರೋಹಿಣಿಗೆ ಜಗತ್ತು ಕರೆಯುವ ಹೆಸರು ಅಲ್ಡೆಬರಾನ್, ಹಿಂಬಾಲಿಸಿ ಬರುವುದು ಎಂದರ್ಥ. ಕೃತ್ತಿಕೆಯ ಹಿಂದೆ ಹಿಂದೆಯೇ ಬರುತ್ತದಲ್ಲ, ಅದಕ್ಕೆ. ನಾವು ಅಭಿಜಿತ್ ಎನ್ನುವ ವೇಗಾ, ಶ್ರವಣ ಎನ್ನುವ ಆಲ್ಟೇರ್ ಕೂಡ ಅರಬ್ಬಿ ಮಾತುಗಳಿಂದಲೇ ಬಂದವು. 964ರ ಸುಮಾರಿಗೆ ಪರ್ಷಿಯಾದ ಅಲ್-ಸೂಫಿ ತನ್ನ ಸ್ಥಿರ ನಕ್ಷತ್ರಗಳ ಗ್ರಂಥದಲ್ಲಿ ಒಂದೊಂದು ನಕ್ಷತ್ರಪುಂಜವನ್ನೂ ಚಿತ್ರವಾಗಿ ಬರೆಸಿ, ಆಂಡ್ರೊಮಿಡಾದ ಬಳಿ ಒಂದು ಪುಟ್ಟ ಮೋಡವನ್ನು ಗುರುತಿಸಿದ. ಆ ಮೋಡ 25 ಲಕ್ಷ ಜ್ಯೋತಿರ್ವರ್ಷ ದೂರದ ಇನ್ನೊಂದು ಗೆಲಾಕ್ಸಿ ಎಂಬುದು ತಿಳಿದದ್ದು ಇಪ್ಪತ್ತನೇ ಶತಮಾನದಲ್ಲಿ. ಚಳಿಗಾಲದ ಕತ್ತಲ ರಾತ್ರಿ ಹಳ್ಳಿಯೊಂದರ ತಾರಸಿಯಿಂದ ತೆಗೆದು ಸೇರಿಸಿದ ಮೊಬೈಲ್ ಫೋಟೊದಲ್ಲೂ ಅದು ಸಣ್ಣ ಮಸುಕಾಗಿ ಸಿಗುತ್ತದೆ. ಅಲ್-ಸೂಫಿಯ ಬಳಿ ಕ್ಯಾಮೆರಾ ಇರಲಿಲ್ಲ, ಟೆಲಿಸ್ಕೋಪೂ ಇರಲಿಲ್ಲ. ಕತ್ತಲೆ ಇತ್ತು, ಬಿಡದೆ ನೋಡುವ ಅಭ್ಯಾಸವಿತ್ತು.

ನಮ್ಮ ಜಿಲ್ಲೆಗೂ ಆಕಾಶದ ಚಿತ್ರಕ್ಕೂ ಏನು ಸಂಬಂಧ ಎಂದು ಕೇಳುವವರು ಗೌರಿಬಿದನೂರಿನ ಕಡೆ ನೋಡಬೇಕು. ಅಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಒಂದು ರೇಡಿಯೊ ದೂರದರ್ಶಕ ಕಟ್ಟಿದವು. ಮಸೂರವೂ ಇಲ್ಲ, ಕನ್ನಡಿಯೂ ಇಲ್ಲ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನೆಲದ ಮೇಲೆ ಸಾಲಾಗಿ ನೆಟ್ಟ 1000 ಆಂಟೆನಾಗಳು. ಪೂರ್ವ ಪಶ್ಚಿಮದ ಸಾಲೊಂದೇ ಸುಮಾರು 1.4 ಕಿಲೋಮೀಟರ್ ಉದ್ದ. ಭೂಮಿ ತಿರುಗುತ್ತಿದ್ದಂತೆ ಮೇಲೆ ಹಾದುಹೋಗುವ ಆಕಾಶದಿಂದ ಬರುವ 34.5 ಮೆಗಾಹರ್ಟ್ಸ್ ರೇಡಿಯೊ ಅಲೆಗಳನ್ನು ಅದು ದಾಖಲಿಸುತ್ತಿತ್ತು. ಆ ದಾಖಲೆಗಳನ್ನು ಜೋಡಿಸಿ ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಅವರು 1990ರಲ್ಲಿ ಆಕಾಶದ ಬಹುಭಾಗದ ರೇಡಿಯೊ ಚಿತ್ರವನ್ನು ಪ್ರಕಟಿಸಿದರು. 1997ರಿಂದ ಅದೇ ಆವರಣದಲ್ಲಿ ಸೂರ್ಯನ ಹೊರವಲಯದ ರೇಡಿಯೊ ಚಿತ್ರ ತೆಗೆಯುವ ಇನ್ನೊಂದು ಉಪಕರಣವೂ ಇದೆ. ನಮ್ಮ ಗೌರಿಬಿದನೂರಿನ ಗೆಳೆಯರ ಊರಿನ ಪಕ್ಕದಲ್ಲಿ ತಯಾರಾದ ಆಕಾಶದ ಚಿತ್ರವನ್ನು ಜಗತ್ತಿನ ವಿಜ್ಞಾನಿಗಳು ಬಳಸಿದ್ದಾರೆ. ನಮ್ಮಲ್ಲಿ ಎಷ್ಟು ಜನ ಅದರ ಹೆಸರು ಕೇಳಿದ್ದೇವೆ?

ಹವ್ಯಾಸ ಎಂದು ಹಗುರಾಗಿ ನೋಡುವವರಿಗೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಹೈದರಾಬಾದಿನ ನವಾಬ್ ಜಾಫರ್ ಜಂಗ್ ಅವರಿಗೆ ಆಕಾಶ ನೋಡುವ ಗೀಳು. ಆ ಗೀಳಿನಿಂದಲೇ 1901ರಲ್ಲಿ ಅಲ್ಲಿ ವೀಕ್ಷಣಾಲಯ ಶುರುವಾಯಿತು, ಮುಂದೆ ನಿಜಾಮಿಯಾ ವೀಕ್ಷಣಾಲಯವಾಯಿತು. ಇಡೀ ಆಕಾಶವನ್ನು ಫೋಟೊ ತೆಗೆದು ನಕ್ಷತ್ರಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಕೆಲಸದಲ್ಲಿ ಒಂದು ಪಾಲು ಅದಕ್ಕೆ ಬಂತು. ಅಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರ ಮಗ ವೇಣು ಬಾಪು. ಅವರು 1949ರಲ್ಲಿ ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದಾಗ ತಾವೇ ತೆಗೆದ ಆಕಾಶದ ಫೋಟೊವೊಂದರಲ್ಲಿ ಹೊಸ ಧೂಮಕೇತುವನ್ನು ಕಂಡುಹಿಡಿದರು. ಗೌರಿಬಿದನೂರಿನ ದೂರದರ್ಶಕ ಕಟ್ಟಿದ ಎರಡು ಸಂಸ್ಥೆಗಳಲ್ಲಿ ಒಂದಾದ ಖಭೌತ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಬೆಳೆಸಿದವರು ಅವರೇ. ಒಬ್ಬರ ಗೀಳು ಎಲ್ಲಿಂದ ಎಲ್ಲಿಗೆ ಬಂದು ಮುಟ್ಟಿತು ನೋಡಿ.

ಈಗ ಕತ್ತಲೆಯ ಮಾತು. ಚಿಕ್ಕಬಳ್ಳಾಪುರದ ತಾರಸಿಯಿಂದ ದಕ್ಷಿಣಕ್ಕೆ ನೋಡಿದರೆ ನಕ್ಷತ್ರಗಳಿಗಿಂತ ಮೊದಲು ಬೆಂಗಳೂರಿನ ಬೆಳಕಿನ ಮಬ್ಬು ಕಾಣುತ್ತದೆ. ಅದು ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ಊರಿನ ಬೆಳಕು ನಮ್ಮ ಕೈಯಲ್ಲಿದೆ. ಮದುವೆ ಮಹಲು, ಅಂಗಡಿ, ಪೆಟ್ರೋಲ್ ಬಂಕ್, ಶಾಲೆ, ಕಾಲೇಜು ಎಲ್ಲೆಡೆ ಬಿಳೀ ಎಲ್‌ಇಡಿ ಫ್ಲಡ್‌ಲೈಟುಗಳು ಆಕಾಶಕ್ಕೆ ಮುಖ ಮಾಡಿ ನಿಂತಿವೆ. ಕೆಳಗಿನ ನೆಲಕ್ಕೆ ಬೇಕಾದ ಬೆಳಕಿನ ಒಂದು ಪಾಲು ಮೇಲೆ ಹೋಗಿ ವ್ಯರ್ಥವಾಗುತ್ತದೆ, ಅದರ ಬಿಲ್ಲನ್ನೂ ನಾವೇ ಕಟ್ಟುತ್ತೇವೆ. ದೀಪವೇ ಬೇಡ ಎಂದು ನಾನು ಹೇಳುತ್ತಿಲ್ಲ. ಬಸ್ಸಿಳಿದು ಮನೆಗೆ ನಡೆಯುವ ಹುಡುಗಿಯರಿಗೆ ಬೀದಿ ದೀಪ ಬೇಕೇ ಬೇಕು. ನಮ್ಮ ಜಿಲ್ಲೆಯ ಕೆಲವು ಸೇವಂತಿಗೆ ತೋಟಗಳಲ್ಲಿ ರಾತ್ರಿ ಸಾಲು ಬಲ್ಬು ಉರಿಸುವುದಕ್ಕೂ ಕಾರಣವಿದೆ. ಸೇವಂತಿಗೆ ರಾತ್ರಿಯ ಉದ್ದ ನೋಡಿ ಮೊಗ್ಗು ಬಿಡುವ ಗಿಡ, ಬೆಳಕು ಕೊಟ್ಟು ಮೊಗ್ಗನ್ನು ತಡೆದರೆ ಗಿಡ ಮೊದಲು ಎತ್ತರ ಬೆಳೆಯುತ್ತದೆ. ಆದರೆ ಯಾರೂ ಇಲ್ಲದ ಮೈದಾನದ ಮೇಲೆ ರಾತ್ರಿಯಿಡೀ ಉರಿಯುವ ದೀಪದಿಂದ ಯಾವ ಬೆಳೆ ಬರುತ್ತದೆ? ದೀಪದ ಮೇಲೊಂದು ತಗಡಿನ ಮುಚ್ಚಳ ಹಾಕಿ ಮುಖವನ್ನು ನೆಲಕ್ಕೆ ತಿರುಗಿಸಿದರೂ ಅರ್ಧ ತೊಂದರೆ ಹೋಗುತ್ತದೆ.

ಈ ವಿಷಯದಲ್ಲಿ ನಮ್ಮ ನಡುವಿನ ಶ್ರೀಮಂತರು ಯಾರು ಗೊತ್ತೇ? ಚಿಂತಾಮಣಿ, ಗೌರಿಬಿದನೂರು ಕಡೆಯ ಹಳ್ಳಿಗಳಿಂದ ಮೊದಲ ಬಸ್ಸಿಗೆ ಬರುವವರು. ಬೆಂಗಳೂರಿನ ಹವ್ಯಾಸಿಗಳು ಕಾರು ಮಾಡಿಕೊಂಡು, ಪೆಟ್ರೋಲ್ ಸುಟ್ಟು ಹುಡುಕಿ ಬರುವ ಕತ್ತಲೆ ಅವರ ಹಿತ್ತಲಿನಲ್ಲೇ ಇದೆ. ಏಪ್ರಿಲ್, ಮೇ ತಿಂಗಳ ರಾತ್ರಿ ದಕ್ಷಿಣದ ದಿಗಂತದ ಮೇಲೆ ಏಳುವ ದಕ್ಷಿಣ ಶಿಲುಬೆ ಎಂಬ ನಕ್ಷತ್ರಪುಂಜ ಯೂರೋಪಿನವರಿಗೆ ತಮ್ಮ ಊರಿನಿಂದ ಕಾಣುವುದೇ ಇಲ್ಲ. ಡಿಸೆಂಬರ್ 14ರ ಆಸುಪಾಸಿನ ಜೆಮಿನಿಡ್ ಉಲ್ಕೆಗಳು ನಮ್ಮ ಚಳಿಗಾಲದ ತಿಳಿ ಆಕಾಶಕ್ಕೇ ಹೇಳಿ ಮಾಡಿಸಿದಂತೆ ಬರುತ್ತವೆ. ಇಂಗ್ಲಿಷ್ ಬರುವುದಿಲ್ಲ ಎಂದು ತರಗತಿಯಲ್ಲಿ ಹಿಂದಿನ ಬೆಂಚಿಗೆ ಸರಿಯುವ ಗೆಳೆಯರು ಈ ಕೆಲಸದಲ್ಲಿ ನಮಗೆಲ್ಲ ಮುಂದಾಳಾಗಬಹುದು.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಆಕಾಶದ ಫೋಟೊ ಬಗ್ಗೆ ಏನು ಓದಿದರೂ ಮೊದಲ ಸಲಹೆ, ಊರಿನಿಂದ ದೂರ ಹೋಗಿ, ರಾತ್ರಿ ಬೆಟ್ಟ ಹತ್ತಿ ಎಂದೇ. ನಮ್ಮಲ್ಲಿ ಯಾವ ಮನೆಯಲ್ಲಿ ಹುಡುಗಿಯನ್ನು ಹಾಗೆ ಕಳಿಸುತ್ತಾರೆ? ನಂದಿಬೆಟ್ಟದ ಗೇಟೇ ರಾತ್ರಿ ಮುಚ್ಚಿರುತ್ತದೆ. ಹಾಗಾಗಿ ನಮಗೆ ಉಳಿದದ್ದು ತಾರಸಿ. ನನಗೆ ಅದರ ಬಗ್ಗೆ ದೂರಿಲ್ಲ. ತಾರಸಿಯ ಮೇಲೆ ಅಮ್ಮಿ ಜೊತೆಗಿರುತ್ತಾರೆ, ನಾನಿ ಮಡಿಲಲ್ಲಿ ತಸ್ಬೀಹ್ ಇಟ್ಟುಕೊಂಡು ಕೂತಿರುತ್ತಾರೆ, ತಮ್ಮ ಟಾರ್ಚ್ ಹಾಕಬೇಡ ಎಂದರೂ ಹಾಕುತ್ತಾನೆ. ಚಂದ್ರ, ಓರಿಯನ್, ಕೃತ್ತಿಕೆ, ಗುರು ಗ್ರಹ ಇಷ್ಟಕ್ಕೆ ಊರಿನ ತಾರಸಿ ಧಾರಾಳವಾಗಿ ಸಾಕು. ಆದರೆ ಕಾಲೇಜಿನ ತಾರಸಿಯ ಮೇಲೆ ಮೇಡಂಗಳ ಜೊತೆ ಎಲ್ಲರೂ ಸೇರಿ ಕಲಿತರೆ, ಮನೆಯ ತಾರಸಿಗೆ ಹೋಗಲು ಇನ್ನೂ ಅಪ್ಪಣೆ ಸಿಗದ ಗೆಳತಿಗೂ ಅಪ್ಪಣೆ ಸಿಗುತ್ತದೆ. ಕಾಲೇಜು ಹೇಳಿದರೆ ಮನೆಯವರು ಕೇಳುತ್ತಾರೆ, ನಾವು ಹೇಳಿದರೆ ಕೇಳುವುದಿಲ್ಲ. ಅನುಮತಿ ಎಂದು ಮೊದಲೇ ನಾನು ಹೇಳಿದ್ದು ಇದನ್ನೇ.

'ಪರೀಕ್ಷೆಯಲ್ಲಿ ಚಂದ್ರನಿಗೆ ಎಷ್ಟು ಮಾರ್ಕ್ಸು?' ಎಂದು ನಮ್ಮ ಅಬ್ಬು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಚಂದ್ರನಿಗೆ ಮಾರ್ಕ್ಸಿಲ್ಲ, ಆದರೆ ಮಸೂರಕ್ಕೆ ಇದೆ, ಕೋನವೇಗಕ್ಕೆ ಇದೆ, ಸರಾಸರಿ ಮತ್ತು ವಿಚಲನೆಗೆ ಇದೆ, ಬೆಳಕಿನ ತರಂಗಕ್ಕೆ ಇದೆ. ತಿಂಗಳಿಗೆ ಎರಡು ಗಂಟೆ ಇದಕ್ಕೆ ಕೊಟ್ಟರೆ ಯಾರ ರ‍್ಯಾಂಕೂ ಹೋಗುವುದಿಲ್ಲ. ಮೊಬೈಲ್ ಕಾಲೇಜಿಗೆ ತರಬಾರದು ಎಂಬ ನಿಯಮವನ್ನೂ ನಾನು ಒಪ್ಪುತ್ತೇನೆ, ತರಗತಿಯಲ್ಲಿ ಅದರಿಂದ ಆಗುವ ಕಿರಿಕಿರಿ ನಮಗೆಲ್ಲ ಗೊತ್ತು. ಆದರೆ ಅದೇ ಮೊಬೈಲ್ ರೀಲ್ಸ್ ನೋಡುವ ಯಂತ್ರ ಮಾತ್ರವಲ್ಲ, ಅಳೆಯುವ ಉಪಕರಣವೂ ಹೌದು ಎಂದು ತೋರಿಸಿಕೊಡುವವರು ಯಾರು? ಆ ಒಂದು ಸಂಜೆ ಲೆಕ್ಚರರ್‌ಗಳೇ ಮೊಬೈಲನ್ನು ನಮ್ಮ ಕೈಗೆ ಕೊಟ್ಟು, ಹೋಗುವಾಗ ಏನು ತೆಗೆದೆವೆಂದು ನೋಡಲಿ.

ಇನ್ನೊಂದು ಎಚ್ಚರಿಕೆ, ಇದು ನಮಗೆ ನಾವೇ ಹೇಳಿಕೊಳ್ಳಬೇಕಾದದ್ದು. 2023ರಲ್ಲಿ ದೊಡ್ಡ ಕಂಪನಿಯೊಂದರ ಮೊಬೈಲ್ ಬಗ್ಗೆ ಜಗತ್ತಿನಲ್ಲೆಲ್ಲ ಚರ್ಚೆಯಾಯಿತು. ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರವೊಂದನ್ನು ಪರದೆಯ ಮೇಲಿಟ್ಟು ಫೋಟೊ ತೆಗೆದರೆ, ಅಲ್ಲಿ ಇಲ್ಲದ ಕುಳಿಗಳನ್ನು ಮೊಬೈಲೇ ಸೇರಿಸಿ ತೋರಿಸುತ್ತಿತ್ತು. ಈಗಂತೂ ಬೇಕಾದ ಆಕಾಶವನ್ನು ಎಐ ಒಂದು ಕ್ಷಣದಲ್ಲಿ ಬರೆದುಕೊಡುತ್ತದೆ. ಅಂಥ ಚಿತ್ರಕ್ಕೆ ನೂರು ಲೈಕ್ ಬರಬಹುದು. ಆದರೆ ಅದು ಯಾವ ಆಕಾಶಕ್ಕೂ ಸಾಕ್ಷಿಯಲ್ಲ. ನಾವು ತೆಗೆದ ಫೋಟೊದ ಕೆಳಗೆ ಊರು, ತಾರೀಖು, ಹೊತ್ತು, ಎಷ್ಟು ಸೆಕೆಂಡು, ಎಷ್ಟು ಫೋಟೊ ಸೇರಿಸಿದೆವು ಎಂದು ಬರೆಯೋಣ. ಮಸುಕಾಗಿದ್ದರೂ ಅದು ನಮ್ಮ ಜಿಲ್ಲೆಯ ಆಕಾಶ ಆ ರಾತ್ರಿ ಹೇಗಿತ್ತು ಎಂಬುದರ ದಾಖಲೆ. ಹತ್ತು ವರ್ಷದ ನಂತರ ಕತ್ತಲೆ ಎಷ್ಟು ಉಳಿದಿದೆ ಎಂದು ಅಳೆಯಲು ಈ ಫೋಟೊಗಳೇ ಬೇಕಾಗುತ್ತವೆ.

ಪ್ರಾಂಶುಪಾಲರಲ್ಲಿ, ಆಡಳಿತ ಮಂಡಳಿಯ ಹಿರಿಯರಲ್ಲಿ ನನ್ನ ಕೋರಿಕೆ ನಾಲ್ಕು. ತಿಂಗಳಿಗೊಮ್ಮೆ, ಅಮಾವಾಸ್ಯೆಗೆ ಹತ್ತಿರದ ಶನಿವಾರ, ಇಶಾ ನಮಾಜಿನ ನಂತರ ಎರಡು ಗಂಟೆ ಮೈದಾನದ ದೀಪ ಆರಿಸಬೇಕು. ಹುಡುಗಿಯರಿಗೆ ಮೇಡಂಗಳ ಜೊತೆ ತಾರಸಿ, ಹುಡುಗರಿಗೆ ಮೈದಾನ ಕೊಡಬೇಕು, ತಾಯಂದಿರು ಬರುವುದಾದರೆ ಬರಲಿ. ದೂರದ ಊರಿನವರು ತಮ್ಮ ಹಳ್ಳಿಯಲ್ಲೇ ತೆಗೆದು ಸೋಮವಾರ ತರಲಿ. ತೆಗೆದ ಫೋಟೊಗಳಿಗೆ ಲ್ಯಾಬಿನ ಹೊರಗಿನ ನೋಟಿಸ್ ಬೋರ್ಡಿನಲ್ಲಿ ಒಂದು ಮೂಲೆ ಸಿಗಲಿ.

ಗುರಿಯೂ ಒಂದು ಇದೆ. 2027ರ ಆಗಸ್ಟ್ 2ರಂದು ಸೂರ್ಯಗ್ರಹಣ. ಮಕ್ಕಾದಲ್ಲಿ ಅದು ಪೂರ್ಣ, ನಮ್ಮಲ್ಲಿ ಸಂಜೆಯ ಹೊತ್ತು ಭಾಗಶಃ. ಮಳೆಗಾಲ, ಮೋಡ ಬರಬಹುದು, ಆದರೂ ತಯಾರಾಗಿರೋಣ. ಸೂರ್ಯನನ್ನು ಬರಿಗಣ್ಣಿನಿಂದ ನೋಡುವುದಾಗಲಿ, ಫಿಲ್ಟರ್ ಇಲ್ಲದೆ ಮೊಬೈಲ್ ಹಿಡಿಯುವುದಾಗಲಿ ಬೇಡವೇ ಬೇಡ. ಒಂದು ರಟ್ಟಿಗೆ ಗುಂಡುಸೂಜಿಯಿಂದ ತೂತು ಮಾಡಿ, ಅದರಿಂದ ಗೋಡೆಯ ಮೇಲೆ ಬೀಳುವ ಬೆಳಕಿನ ಫೋಟೊ ತೆಗೆದರೆ ಸಾಕು. ಸಾವಿರ ವರ್ಷದ ಹಿಂದೆ ಇಬ್ನ್ ಅಲ್-ಹೈಸಮ್ ಗ್ರಹಣದ ಸೂರ್ಯನ ಬಿಂಬ ಹೀಗೆ ಸಣ್ಣ ತೂತಿನಿಂದ ಹಾದು ಕುಡುಗೋಲಿನಂತೆ ಬೀಳುವುದು ಯಾಕೆಂದು ಒಂದು ಪ್ರಬಂಧವನ್ನೇ ಬರೆದ. ಆವತ್ತು ಆ ಕುಡುಗೋಲು ನಮ್ಮ ಕಾಲೇಜಿನ ಗೋಡೆಯ ಮೇಲೆ ಬಿದ್ದಾಗ, ಅದನ್ನು ಸರಿಯಾಗಿ ಫೋಟೊ ತೆಗೆಯಬಲ್ಲ ಐವತ್ತು ಮಂದಿಯಾದರೂ ಇಲ್ಲಿ ತಯಾರಾಗಿರಬೇಕು. ಆ ತಯಾರಿ ಈ ತಿಂಗಳ ಅಮಾವಾಸ್ಯೆಗೇ ಶುರುವಾಗಲಿ. ಸ್ವಿಚ್ಚು ಎಲ್ಲಿದೆ ಎಂದು ವಾಚ್‌ಮನ್ ಚಾಚಾಗೆ ಗೊತ್ತು.

– ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ, ಶಿಡ್ಲಘಟ್ಟ